ದೀಪದ ಹತ್ತಿ ಬೇರೆ, ಔಷಧಿಯ ಹತ್ತಿ ಬೇರೆ

ನಮ್ಮ ಮನೆಯಲ್ಲಿ ಹತ್ತಿಯ ಡಬ್ಬಿ ಎರಡಿವೆ. ಒಂದು ದೇವರ ಮನೆಯಲ್ಲಿ, ಇನ್ನೊಂದು ಔಷಧಿ ಕಪಾಟಿನಲ್ಲಿ. "ಎರಡೂ ಹತ್ತಿನೇ ಅಲ್ವಾ?" ಅಂತ ಯಾರಾದರೂ ಕೇಳಿದರೆ ಒಂದು ಲೋಟ ನೀರು ತರುತ್ತೇನೆ. ಬೀಜ ಬಿಡಿಸಿದ ಹಸಿ ಅರಳೆಯ ಉಂಡೆ ನೀರಿನ ಮೇಲೆ ಸುಮ್ನೆ ತೇಲುತ್ತದೆ. ಮೆಡಿಕಲ್ ಶಾಪ್ ಹತ್ತಿ ಬಿಟ್ಟ ತಕ್ಷಣ ನೀರು ಕುಡಿದು ತಳ ಸೇರುತ್ತದೆ. ಹತ್ತಿಯ ಎಳೆಗೆ ಹುಟ್ಟಿನಿಂದಲೇ ತೆಳು ಮೇಣ ಇರುತ್ತದೆ, ಅದು ನೀರನ್ನು ಒಳಗೆ ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಕ್ಷಾರದ ನೀರಲ್ಲಿ ಬೇಯಿಸಿ, ಬ್ಲೀಚ್ ಮಾಡಿ ಆ ಮೇಣ ತೆಗೆಯುತ್ತಾರೆ.

ದೀಪಕ್ಕೆ ನಾನು ಹಸಿ ಅರಳೆಯನ್ನೇ ಬಳಸುವುದು. ಆ ಮೇಣ ನೀರಿಗೆ ಅಡ್ಡ ನಿಂತರೂ ಎಣ್ಣೆಗೆ ನಿಲ್ಲುವುದಿಲ್ಲ. ಹೂಬತ್ತಿಗೆ ಅರಳೆಯನ್ನು ಬೆರಳಲ್ಲೇ ಹಿಂಜಿ, ಬೀಜದ ಚೂರು, ಕಸ ತೆಗೆದು, ಅಂಗೈ ಮೇಲೆ ತೆಳ್ಳಗೆ ಹರಡುತ್ತೇನೆ. ನಡುವೆ ಚಿಕ್ಕ ಉಂಡೆ ಇಟ್ಟು, ಅಂಚನ್ನೆಲ್ಲ ಮೇಲೆ ಕೂಡಿಸಿ, ಬೆರಳಿಗೆ ಒಂಚೂರು ವಿಭೂತಿ ಹಚ್ಚಿಕೊಂಡು ತುದಿ ಹೊಸೆಯುತ್ತೇನೆ. ತುದಿ ತೀರಾ ಬಿಗಿಯಾದರೆ ಎಣ್ಣೆ ಏರುವುದಿಲ್ಲ. ದಪ್ಪಗೆ ಸಡಿಲವಾಗಿದ್ದರೆ ಉರಿ ಜಾಸ್ತಿ, ಮಸಿಯೂ ಜಾಸ್ತಿ. ಗೌರಿ ಹಬ್ಬ ಹತ್ತಿರ ಬಂತೆಂದರೆ ಇದೇ ಅರಳೆಯಲ್ಲಿ ಗೆಜ್ಜೆವಸ್ತ್ರವೂ ಆಗಬೇಕು. ಗೌರಿಗೆ 16 ಎಳೆ, ಗಣಪತಿಗೆ 21. ಟಿವಿ ನೋಡುತ್ತಾ ಮಾಡುವ ಕೆಲಸ ಇದು.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೆಲವು ಉಂಡೆಗಳು ಹತ್ತಿಯೇ ಅಲ್ಲ, ಪಾಲಿಯೆಸ್ಟರ್. ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿದರೆ ಗೊತ್ತಾಗುತ್ತದೆ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಥದ್ದನ್ನು ದೀಪಕ್ಕೆ ಹಾಕುವುದೇ ಇಲ್ಲ.

ಔಷಧಿ ಹತ್ತಿಯ ರೋಲ್ ತಂದು, ಕೈ ತೊಳೆದು ಒರೆಸಿಕೊಂಡು, ನಾನೇ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿಡುತ್ತೇನೆ. ಮೊಮ್ಮಗನ ಕಣ್ಣಲ್ಲಿ ಪಿಸುರು ಕಟ್ಟಿದರೆ ಕುದಿಸಿ ಆರಿಸಿದ ನೀರಲ್ಲಿ ಉಂಡೆ ಅದ್ದಿ, ಹಿಂಡಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸುತ್ತೇನೆ. ಇನ್ನೊಂದು ಕಣ್ಣಿಗೆ ಹೊಸ ಉಂಡೆ. ಕಣ್ಣು ಕೆಂಪಾಗಿದ್ದರೆ, ಊದಿದ್ದರೆ ನನ್ನ ಕೈಚಳಕ ಬಿಟ್ಟು ಸೀದಾ ಡಾಕ್ಟರ ಹತ್ತಿರ. ಮನೆಯವರು ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟು ಬಂದರೆ ಹತ್ತಿ ಒತ್ತಿ ಹಿಡಿಯಿರಿ, ತಿಕ್ಕಬೇಡಿ ಅಂತ ಹೇಳಿ ಹೇಳಿ ಸಾಕಾಗಿದೆ. ತಿಕ್ಕಿದರೆ ಅಲ್ಲೇ ನೀಲಿಗಟ್ಟುತ್ತದೆ.

ತೆರೆದ ಗಾಯದ ಮೇಲೆ ಮಾತ್ರ ಬರೀ ಹತ್ತಿ ಇಡುವುದಿಲ್ಲ. ಎಳೆ ಗಾಯಕ್ಕೆ ಅಂಟಿಕೊಂಡು, ಕೀಳುವಾಗ ಮತ್ತೆ ರಕ್ತ ಬರುತ್ತದೆ. ಅದಕ್ಕೆ ಗಾಜ್ ಬಟ್ಟೆಯೇ ಸರಿ. ಕಿವಿಯೊಳಗೆ ಕಡ್ಡಿಗೆ ಹತ್ತಿ ಸುತ್ತಿ ಹಾಕುವುದಂತೂ ಬೇಡವೇ ಬೇಡ, ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ.

ಮಗಳ ನೇಲ್ ಪಾಲಿಶ್‌ಗೂ ಇದೇ ಡಬ್ಬಿ. ರಿಮೂವರ್‌ನಲ್ಲಿ ನೆನೆಸಿದ ಉಂಡೆಯನ್ನು ಉಗುರಿನ ಮೇಲೆ ಸ್ವಲ್ಪ ಹೊತ್ತು ಒತ್ತಿಟ್ಟು ಆಮೇಲೆ ಎಳೆದರೆ ಬಣ್ಣ ಒಂದೇ ಏಟಿಗೆ ಬರುತ್ತದೆ, ಉಜ್ಜುವ ಕಷ್ಟವಿಲ್ಲ. ಆದರೆ ಆ ಉಂಡೆ ದೀಪದ ಹತ್ತಿರ ಸುಳಿಯಬಾರದು, ಭಗ್ ಎಂದು ಹತ್ತಿಕೊಳ್ಳುತ್ತದೆ.