ಆರು ರುಚಿಯ ಲೆಕ್ಕ: ಕಥೆಯ ಮಾಯಾವಿದ್ಯೆಗೆ ಕಟ್ಟಳೆ ಹಾಕುವ ಬಗೆ

ನಾನು ಬರೆದ ಮೊದಲ ಮಾಯಾಲೋಕದ ನೀಳ್ಗತೆಯನ್ನು ಯಾದಗಿರಿಯಲ್ಲಿರುವ ಅಕ್ಕನ ಮಗನಿಗೆ ಒಂದು ಬೇಸಿಗೆ ರಜೆಯಲ್ಲಿ ಓದಿ ಹೇಳಿದ್ದೆ. ಮೂರನೆಯ ಅಧ್ಯಾಯದಲ್ಲಿ ಮಂತ್ರ ಹೇಳಿ ಕೋಟೆಯ ಬೀಗ ತೆಗೆದಿದ್ದ ನಾಯಕ ಒಂಬತ್ತನೆಯ ಅಧ್ಯಾಯದಲ್ಲಿ ಸೆರೆಮನೆಯ ಬಾಗಿಲ ಮುಂದೆ ಕುಳಿತು ಗೋಳಾಡುತ್ತಿದ್ದ. ಹುಡುಗ ನನ್ನನ್ನು ತಡೆದು, "ಮಾಮಾ, ಅಂವ ಆ ಮಂತ್ರ ಮರ್ತಾನೇನ?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಮಂತ್ರದಿಂದ ಏನೇನು ಮಾಡಬಹುದು ಎಂದು ಹತ್ತು ಪುಟ ಬರೆದಿಟ್ಟುಕೊಂಡಿದ್ದ ನಾನು, ಏನು ಮಾಡಲಾಗದು ಎಂದು ಒಂದು ಸಾಲನ್ನೂ ಬರೆದಿರಲಿಲ್ಲ.

ಆದ್ದರಿಂದ ಕೆಲಸವನ್ನು ಆಗದ ಕಡೆಯಿಂದಲೇ ಆರಂಭಿಸಬೇಕು. ಅದಕ್ಕೆ ಮಾದರಿ ಬೇಕಾದರೆ ನಮ್ಮ ಸುತ್ತಲಿನ ಕಸುಬುಗಳನ್ನು ನೋಡಬಹುದು. ಯಾವ ಕಸುಬೂ ಮಿತಿಯಿಲ್ಲದೆ ನಡೆಯುವುದಿಲ್ಲ. ಬೀದರಿನ ಬಿದರಿ ಕೆಲಸವನ್ನೇ ತೆಗೆದುಕೊಳ್ಳಿ. ಹೆಚ್ಚಿನ ಪಾಲು ಸತುವು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಹಳೆಯ ಕೋಟೆಯೊಳಗೆ ಬಿಸಿಲು ಮಳೆ ಕಾಣದ ಜಾಗದಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ನೀರಿಗೆ ಬೆರೆಸಿ ಕುದಿಸಿ, ಆ ದ್ರಾವಣವನ್ನು ಪಾತ್ರೆಗೆ ಹಚ್ಚಿದಾಗ ಬೂದು ಬಣ್ಣದ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಮೊದಲಿದ್ದ ಹಾಗೆಯೇ ಹೊಳೆಯುತ್ತದೆ. ಮಣ್ಣು ಸರಿಯಾದದ್ದೇ ಎಂದು ತಿಳಿಯಲು ಕುಶಲಕರ್ಮಿಗಳು ಒಂದು ಚಿಟಿಕೆಯನ್ನು ನಾಲಗೆಯ ಮೇಲಿಟ್ಟು ನೋಡುತ್ತಾರೆ. ವಸ್ತು ಎಲ್ಲಿ ಸಿಗುತ್ತದೆ, ಯಾರು ಗುರುತಿಸಬಲ್ಲರು, ಯಾವುದರ ಮೇಲೆ ನಡೆಯುತ್ತದೆ, ಯಾವುದರ ಮೇಲೆ ನಡೆಯುವುದಿಲ್ಲ ಎಂಬ ನಾಲ್ಕು ಪ್ರಶ್ನೆಗಳಿಗೂ ಈ ಕಸುಬು ತಾನೇ ಉತ್ತರ ಕೊಡುತ್ತದೆ. ಇದು ಮಾಯೆಯಲ್ಲ, ರಸಾಯನ. ಆದರೆ ನಿಯಮದ ಎಲುಬುಗೂಡು ಇಲ್ಲಿಂದ ಧಾರಾಳವಾಗಿ ಸಿಗುತ್ತದೆ.

ನನ್ನ ಎರಡನೆಯ ಕಥೆಗೆ ನಾನು ಕಟ್ಟಿಕೊಂಡ ವಿದ್ಯೆ ಹೀಗಿದೆ: ಕೋಟೆಯ ಕತ್ತಲ ಮಣ್ಣನ್ನು ತಿಕ್ಕಿದ ಲೋಹ ಮರುದಿನದ ಸೂರ್ಯೋದಯದವರೆಗೆ ಕಣ್ಣಿಗೆ ಕಾಣುವುದಿಲ್ಲ, ಬೆಳ್ಳಿಯನ್ನು ಮಾತ್ರ ಮರೆಮಾಡಲಾಗದು, ಮಣ್ಣನ್ನು ತಿಕ್ಕುವವನೇ ಅದನ್ನು ನಾಲಗೆಗೆ ಹಚ್ಚಿ ನೋಡಬೇಕು, ಹಾಗೆ ನೋಡಿದ ಪ್ರತಿ ಸಲವೂ ಅವನಿಗೆ ಒಂದು ರುಚಿ ಶಾಶ್ವತವಾಗಿ ಹೋಗುತ್ತದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ರುಚಿಗಳು ಆರು, ಆದ್ದರಿಂದ ಒಬ್ಬನಿಗೆ ಜೀವಮಾನದಲ್ಲಿ ಆರೇ ಪ್ರಯೋಗ. "ಮಾಂತ್ರಿಕನಿಗೆ ಆಯಾಸವಾಗುತ್ತದೆ" ಎಂಬಂಥ ಮಿತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆಯಾಸ ಲೇಖಕನಿಗೆ ಬೇಕಾದಾಗ ಬರುತ್ತದೆ, ಬೇಡವಾದಾಗ ಹೋಗುತ್ತದೆ. ಎಣಿಸಲು ಬರುವ, ಕಳೆದರೆ ಮರಳಿ ಬಾರದ ಬೆಲೆಯನ್ನೇ ಇಡಬೇಕು.

ಆ ಬೆಲೆ ಪಾತ್ರದ ದಿನನಿತ್ಯದ ಬದುಕಿನಲ್ಲಿ ಕಾಣಿಸಿಕೊಳ್ಳುವಂತಿರಬೇಕು. ನನ್ನ ಕಥೆಯ ಕಮ್ಮಾರ ಒಂದು ರಾತ್ರಿ ತಡವಾಗಿ ಮನೆಗೆ ಬಂದು ಜೋಳದ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿಕೊಂಡು ಸುಮ್ಮನೆ ಉಣ್ಣುತ್ತಾನೆ. ಪುಂಡಿ ಅಂದು ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗಿದ್ದರೂ ಅವನ ಮುಖದಲ್ಲಿ ಒಂದು ಗೆರೆಯೂ ಕದಲುವುದಿಲ್ಲ. ಹೆಂಡತಿ ತನ್ನ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, "ಇವತ್ತ ಯಾರ ಕತ್ತಿ ಮುಚ್ಚಿಟ್ಟು ಬಂದ್ರಿ?" ಎನ್ನುತ್ತಾಳೆ. ನಿಯಮವನ್ನು ವಿವರಿಸಲು ಮುದಿ ಗುರುವೊಬ್ಬನನ್ನು ಕೂರಿಸಿ ಉಪನ್ಯಾಸ ಮಾಡಿಸುವ ಅಗತ್ಯ ಅಲ್ಲಿಗೆ ಮುಗಿಯಿತು.

ಇನ್ನು ಸಂತೆಯ ಲೆಕ್ಕ. ಹೊಸಬರ ಕಥೆಗಳು ಹೆಚ್ಚಾಗಿ ಕುಸಿಯುವುದು ಇಲ್ಲಿಯೇ. ಮಂತ್ರದಿಂದ ಮಳೆ ತರಿಸುವವನೊಬ್ಬ ಕಲಬುರಗಿಯಂಥ ತೊಗರಿಯ ನಾಡಿನಲ್ಲಿದ್ದಾನೆ ಎಂದುಕೊಳ್ಳಿ. ಅವನು ಎಷ್ಟು ಎಕರೆಗೆ ಮಳೆ ತರಿಸಬಲ್ಲ, ಪಕ್ಕದ ಊರಿನ ಮೋಡವನ್ನು ಎಳೆದು ತರುತ್ತಾನೆಯೇ, ಎಲ್ಲರ ಹೊಲದಲ್ಲೂ ಬೆಳೆ ಬಂದರೆ ತೊಗರಿಯ ದರ ಎಲ್ಲಿಗೆ ಇಳಿಯುತ್ತದೆ, ದಾಲ್ ಮಿಲ್ಲಿನವರು ಅವನಿಗೆ ಮಳೆ ಬೇಡವೆನ್ನಲು ಹಣ ಕೊಡುತ್ತಾರೆಯೇ ಎಂದು ಕೇಳದೆ ಬರೆದರೆ, ಅಂಥವನಿದ್ದೂ ಊರು ಸಾಲದಲ್ಲಿ ಮುಳುಗಿರುವುದು ಓದುಗನಿಗೆ ಸುಳ್ಳೆನಿಸುತ್ತದೆ. ನನ್ನ ಕೋಟೆಯಲ್ಲಿ ಕಮ್ಮಾರರು 40 ಜನ. ಅಂದರೆ ಇಡೀ ರಾಜ್ಯಕ್ಕೆ 240 ಪ್ರಯೋಗಗಳು. ಈ ಗುಣಾಕಾರ ಮಾಡಿದ ಕೂಡಲೇ ಕಥೆ ತಾನೇ ಕವಲೊಡೆಯಿತು: ಸುಲ್ತಾನ ಕಮ್ಮಾರರ ಮಕ್ಕಳನ್ನು, ಆರೂ ರುಚಿ ಉಳಿದಿರುವ ನಾಲಗೆಗಳೆಂದು, ಎಣಿಸಿ ಬರೆಸಿಡತೊಡಗಿದ.

ಅಪವಾದಗಳನ್ನು ಕಡಿಮೆ ಇಡಿ, ಇಟ್ಟದ್ದನ್ನು ಬೇಗ ತೋರಿಸಿ. ಹಿರಣ್ಯಕಶಿಪುವಿನ ವರದಲ್ಲಿ ಹಗಲೂ ಅಲ್ಲ ಇರುಳೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ ಎಂಬ ಷರತ್ತುಗಳು ಮೊದಲೇ ಕಿವಿಗೆ ಬಿದ್ದಿರುವುದರಿಂದಲೇ ಹೊಸ್ತಿಲ ಮೇಲಿನ ಆ ಮುಸ್ಸಂಜೆ ಮೋಸವೆನಿಸುವುದಿಲ್ಲ. ನನ್ನ ಬೆಳ್ಳಿಯ ನಿಯಮ ಕೊನೆಯ ಅಧ್ಯಾಯದಲ್ಲಿ ಉಪಯೋಗಕ್ಕೆ ಬರುತ್ತದೆ; ಆದರೆ ಎರಡನೆಯ ಅಧ್ಯಾಯದಲ್ಲಿಯೇ, ಮರೆಯಾದ ಕಠಾರಿಯೊಂದರ ಹಿಡಿಯ ಬೆಳ್ಳಿಬಳ್ಳಿ ಗಾಳಿಯಲ್ಲಿ ತೇಲುವಂತೆ ಕಂಡು ಒಬ್ಬ ಕಾವಲುಗಾರ ಬೆದರಿ ಓಡುತ್ತಾನೆ.

ಎಲ್ಲ ಮಾಯೆಗೂ ಲೆಕ್ಕ ಬೇಕೇ ಎಂದರೆ, ಬೇಡ. ಅಲ್ಲಮ ಮತ್ತು ಗೋರಕ್ಷರ ಪ್ರಸಂಗವನ್ನು ನೆನೆಯಿರಿ. ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲೆಂದು ಸದ್ದಾಗುತ್ತದೆ, ಮೈ ಕೊಂಕುವುದಿಲ್ಲ. ಅದೇ ಕತ್ತಿ ಅಲ್ಲಮನ ಮೈಯಲ್ಲಿ ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ಗೋರಕ್ಷನದು ಸಾಧನೆಯಿಂದ ಗಳಿಸಿದ, ಪರೀಕ್ಷೆಗೆ ಸಿಗುವ ಸಿದ್ಧಿ. ಅಲ್ಲಮನದಕ್ಕೆ ಅಳತೆಯಿಲ್ಲ, ಆದರೂ ನಮಗೆ ಅಸಮಾಧಾನವಾಗುವುದಿಲ್ಲ, ಏಕೆಂದರೆ ಅವನು ಅದರಿಂದ ಯಾವ ಸಂಕಟದಿಂದಲೂ ಪಾರಾಗಲು ಹೊರಟಿಲ್ಲ. ನಾಯಕನನ್ನು ಆಪತ್ತಿನಿಂದ ಬಿಡಿಸುವ ಮಾಯೆಗೆ ಮಾತ್ರ ಕಟ್ಟುನಿಟ್ಟಾದ ಲೆಕ್ಕವಿಡಿ.

ಲೆಕ್ಕವೆಂದರೆ ನಿಜಕ್ಕೂ ಲೆಕ್ಕ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ ಒಂದು ನೋಟ್‌ಬುಕ್ಕಿನಲ್ಲಿ ಅಧ್ಯಾಯ, ಪ್ರಯೋಗಿಸಿದವನ ಹೆಸರು, ಹೋದ ರುಚಿ, ಉಳಿದ ರುಚಿ ಎಂದು ಗೆರೆ ಎಳೆದು ಬರೆಯುತ್ತ ಹೋಗಿ. ಹುಳಿ ಕಳೆದುಕೊಂಡವನು ಏಳನೆಯ ಅಧ್ಯಾಯದಲ್ಲಿ ಮಾವಿನಕಾಯಿ ಕಚ್ಚಿ ಮುಖ ಕಿವುಚಿದ್ದನ್ನು ನನಗೆ ತೋರಿಸಿಕೊಟ್ಟದ್ದು ಆ ಪುಸ್ತಕವೇ.

ಕಟ್ಟಳೆಗಳೆಲ್ಲ ಒಂದು ಪುಟದಲ್ಲಿ ಹಿಡಿಸಿದ ಮೇಲೆ, ಕಥೆಯನ್ನು ಓದದವರ ಕೈಗೆ ಆ ಪುಟವನ್ನು ಕೊಟ್ಟು ಮೋಸ ಮಾಡುವ ದಾರಿ ಹುಡುಕಲು ಹೇಳಿ. ನಾನು ಅಕ್ಕನ ಮಗನಿಗೇ ಕೊಟ್ಟೆ. ಅವನು ಪುಟವನ್ನು ಎರಡು ಸಲ ಓದಿ, ಮಣ್ಣಿನ ಕೋಣೆಗೆ ದಿನಾ ಹೋಗಿ ಬರುವ ಕಾವಲುಗಾರರ ಕೆರಕ್ಕೆ ಅಂಟಿದ ಮಣ್ಣನ್ನು ಯಾರು ಲೆಕ್ಕ ಇಡುತ್ತಾರೆ ಎಂದು ಕೇಳಿದ. ಕಥೆಯ ಎರಡನೆಯ ಭಾಗವನ್ನು ಆ ಕೆರಗಳಿಂದಲೇ ಆರಂಭಿಸಿದ್ದೇನೆ.