ಗೋಂದಿಲ್ಲದೆ ನಿಂತ ಕ್ಲೂನಿಯ ಕಮಾನು

‘ಫೆವಿಕಾಲ್ ಹಾಕದೆ ಇದು ನಿಲ್ಲಲ್ಲ ಮಾರಾಯ’ ಅಂತ ಜೊತೆಗೆ ಮಾಡೆಲ್ ಮಾಡುವವರೆಲ್ಲ ಹೇಳಿದ್ದರು. ನಿಂತು ಐದು ತಿಂಗಳಾಯಿತು. ಒಂದು ಬಿರುಕೂ ಇಲ್ಲ.

ಮಾಡಿದ್ದು ಫ್ರಾನ್ಸಿನ ಕ್ಲೂನಿಯ ಬೆನೆಡಿಕ್ಟೈನ್ ಮಠದ ಮೂರನೇ ಚರ್ಚು. 1088ರಲ್ಲಿ ಮಠಾಧಿಪತಿ ಹ್ಯೂ ಶುರು ಮಾಡಿಸಿದ್ದು. 1:50 ಅಳತೆಗೆ ಇಳಿಸಿದರೂ ಸುಮಾರು 187 ಮೀಟರಿನ ಆ ಕಟ್ಟಡ ಹತ್ತಿರ ಹತ್ತಿರ ಪೌಣೆ ನಾಲ್ಕು ಮೀಟರ್ ಆಗುತ್ತದೆ. ಅಷ್ಟು ಜಾಗ ಮನೆಯಲ್ಲಿ ಎಲ್ಲಿ? ನಡುವಿನ ಹಜಾರದ ಮೂರು ಅಂಕಣ ಮಾತ್ರ ತೆಗೆದುಕೊಂಡೆ. ಎತ್ತರ ಅರವತ್ತು ಸೆಂಟಿಮೀಟರ್.

ಮೊದಲ ಸಲ ಅವಸರದಲ್ಲಿ ಅರ್ಧಚಂದ್ರದ ಕಮಾನು ಹಾಕಿದೆ. ಗೋಡೆ ಹೊರಕ್ಕೆ ವಾಲಿತು. ಸಿಲಿಕೋನ್ ಅಚ್ಚಿಗೇ ಆರು ಸಾವಿರ ಹೋಗಿತ್ತು, ಎಲ್ಲ ದಂಡ. 1928ರಿಂದ ಅಲ್ಲಿ ಉತ್ಖನನ ಮಾಡಿದ ಕೆನೆತ್ ಕೊನಂಟ್ ಅವರ ನಕ್ಷೆಗಳನ್ನು ಮತ್ತೆ ನೋಡಿದೆ. ಕ್ಲೂನಿಯವರು ಕಮಾನಿನ ನೆತ್ತಿಯನ್ನು ಚೂಪು ಮಾಡಿದ್ದರು. ಚೂಪಾದರೆ ಗೋಡೆಯನ್ನು ತಳ್ಳುವ ಒತ್ತಡ ಕಡಿಮೆ. ಹೊಸ ಅಚ್ಚಿಗೆ ಇನ್ನೊಂದು ನಾಲ್ಕು ಸಾವಿರ ಸುರಿದೆ.

ಅದೂ ಬಿತ್ತು! ಮೂರನೇ ಅಂಕಣ ಮಾತ್ರ. 1125ರಲ್ಲಿ ಕ್ಲೂನಿಯಲ್ಲೂ ಹಜಾರದ ಚಾವಣಿ ಕುಸಿದಿತ್ತು. ಅವರು ಸರಿಮಾಡಿ, 1130ರಲ್ಲಿ ಪೋಪ್ ಎರಡನೇ ಇನ್ನೊಸೆಂಟ್ ಕೈಯಲ್ಲಿ ಪ್ರತಿಷ್ಠೆ ಮಾಡಿಸಿದರು. ಅವರೇ ಬಿಡಲಿಲ್ಲ, ನಾನ್ಯಾಕೆ ಬಿಡಲಿ ಅಂತ ಮತ್ತೆ ಕೂತೆ.

ತಪ್ಪು ಕಮಾನಿನದ್ದಲ್ಲ, ಕಮಾನಿಗೆ ಕೆಳಗಿನಿಂದ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಒಂದೇ ಏಟಿಗೆ ಎಳೆದದ್ದು. ಮೂರನೇ ಸಲ ಅಡಿಗೆ ಬೆಣೆ ಕೊಟ್ಟು, ದಿನಕ್ಕೆ ಕೂದಲೆಳೆಯಷ್ಟು ಇಳಿಸಿದೆ. ಒಂಬತ್ತು ದಿನ ಹಿಡಿಯಿತು. ಕಲ್ಲುಗಳು ತಾವೇ ಒಂದನ್ನೊಂದು ಬಿಗಿದುಕೊಂಡವು. ಸಂದಿಗೆ ಬರೀ ಸುಣ್ಣದ ತಿಳಿ. ಅದಕ್ಕೆ ಏನು ಬೆರೆಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಇರಲಾರದೆ ಬಳಪದ ಕಲ್ಲಿನಲ್ಲಿ ಒಂದು ಬೋದಿಗೆಯನ್ನೂ, ಅಂದರೆ ಕಂಬದ ತಲೆಯನ್ನೂ, ಕೆತ್ತಿದೆ. ಗರ್ಭಗುಡಿ ಸುತ್ತಿನ ಕಂಬಗಳ ಬೋದಿಗೆ ಅಲ್ಲಿ ಈಗಲೂ ಉಳಿದಿವೆ. ಅವುಗಳಲ್ಲಿ ಎರಡರ ಮೇಲೆ ಮಠದ ಹಾಡುಗಾರಿಕೆಯ ಎಂಟು ಧಾಟಿಗಳನ್ನೇ ಮನುಷ್ಯರೂಪದಲ್ಲಿ ಕೆತ್ತಿದ್ದಾರೆ. ಹೊಯ್ಸಳ ಶಿಲ್ಪಿಗಳ ಕಲ್ಲು ಇದಕ್ಕೆ ಚೆನ್ನಾಗಿ ಒಗ್ಗಿತು, ಆದರೆ ಬೆರಳುದ್ದದ ಮುಖಕ್ಕೆ ಎರಡು ವಾರ ಬೇಕಾಯಿತು.

ಒಟ್ಟು ಖರ್ಚು ಇಪ್ಪತ್ತೆರಡು ಸಾವಿರದ ಆಸುಪಾಸು. ಈಗ ಹಜಾರಕ್ಕೆ ಅಡ್ಡವಾಗಿ ಚಾಚುವ ದಕ್ಷಿಣದ ಅಡ್ಡತೋಳಿಗೆ ಕೈಹಾಕಿದ್ದೇನೆ. 1798ರಲ್ಲಿ ಮಾರಿ, ಕಲ್ಲಿಗಾಗಿ ಚರ್ಚನ್ನು ಒಡೆದಾಗಲೂ ಎಂಟು ಮೂಲೆಯ ಗೋಪುರ ಹೊತ್ತ ಆ ಭಾಗ ಉಳಿಯಿತು. ಹಾಗಾಗಿ ಇಲ್ಲಿ ಊಹೆ ಕಡಿಮೆ, ಅಳತೆ ಜಾಸ್ತಿ.