ಹಲವರು ಬಳಸುವ ಯಂತ್ರಕ್ಕೆ ಅನುದಾನ: ನನ್ನ ಅನುಭವ

ರಾಜ್ಯದ ವಿಶ್ವವಿದ್ಯಾಲಯವೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ ಅಧ್ಯಾಪಕನಾಗಿರುವ ನಾನು, ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಫಿಸ್ಟ್ ಯೋಜನೆಯಡಿ ಪುಡಿ ಮಾಡಿದ ಮಾದರಿಯ ಮೇಲೆ ಎಕ್ಸ್‌ರೇ ಹಾಯಿಸಿ ಅದರ ಹರಳಿನ ರಚನೆಯನ್ನು ತಿಳಿಸುವ ಪೌಡರ್ ಎಕ್ಸ್‌ಆರ್‌ಡಿ ಯಂತ್ರವೊಂದನ್ನು ತರಿಸುವ ಕೆಲಸದ ಸಂಯೋಜಕನಾಗಿದ್ದೆ. ಅದುವರೆಗೆ ನಮ್ಮ ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಮಾದರಿಗಳನ್ನು ಕೊಚ್ಚಿಯಲ್ಲಿರುವ ಸೈಫ್ ಎಂಬ, ಹೊರಗಿನವರ ಮಾದರಿಗಳನ್ನೂ ಪರೀಕ್ಷಿಸಿಕೊಡುವ ಉಪಕರಣ ಕೇಂದ್ರಕ್ಕೋ ಬೆಂಗಳೂರಿನ ಪರಿಚಿತರ ಪ್ರಯೋಗಾಲಯಕ್ಕೋ ಕಳುಹಿಸಿ ಸರದಿ ಕಾಯುತ್ತಿದ್ದರು. ಭೌತಶಾಸ್ತ್ರ ಮತ್ತು ಭೂವಿಜ್ಞಾನ ವಿಭಾಗಗಳ ಸ್ಥಿತಿಯೂ, ಪಕ್ಕದ ಫಾರ್ಮಸಿ ಕಾಲೇಜಿನ ಸ್ಥಿತಿಯೂ ಇದೇ ಆಗಿತ್ತು.

2000ದಲ್ಲಿ ಆರಂಭವಾದ ಫಿಸ್ಟ್, ವಿಭಾಗಗಳಿಗೆ ಐದು ವರ್ಷಗಳ ಅವಧಿಗೆ ನೆರವು ನೀಡುವ ಯೋಜನೆ. ಉಪಕರಣ, ಕಟ್ಟಡದ ಸುಧಾರಣೆ, ಗಣಕ ಸೌಲಭ್ಯ ಮತ್ತು ನಿರ್ವಹಣೆಗೆ ಅದರಲ್ಲಿ ಹಣ ದೊರೆಯುತ್ತದೆ. ಯಂತ್ರ ನಡೆಸುವವರ ಸಂಬಳಕ್ಕೆ ದೊರೆಯುವುದಿಲ್ಲ. ಪ್ರಸ್ತಾವನೆ ಬರೆಯುವವರು ಮೊದಲು ಯೋಚಿಸಬೇಕಾದದ್ದು ಈ ಕೊರತೆಯನ್ನೇ ಎಂಬುದು ನನ್ನ ಅಭಿಪ್ರಾಯ. ಆಪರೇಟರ್ ಇಲ್ಲದ ಯಂತ್ರವು ಅದನ್ನು ತರಿಸಿದ ಪ್ರಾಧ್ಯಾಪಕರ ವಿದ್ಯಾರ್ಥಿಗಳ ಕೈಯಲ್ಲೇ ಉಳಿದುಬಿಡುತ್ತದೆ, ಆ ವಿದ್ಯಾರ್ಥಿಗಳು ಪಿಎಚ್.ಡಿ. ಮುಗಿಸಿ ಹೊರಟ ಮೇಲೆ ಕೋಣೆಗೆ ಬೀಗ ಬೀಳುತ್ತದೆ. ಆದ್ದರಿಂದ ಪ್ರಸ್ತಾವನೆ ಕಳುಹಿಸುವ ಮುನ್ನವೇ, ಗುತ್ತಿಗೆ ಆಧಾರದ ಮೇಲೆ ಒಬ್ಬ ತಾಂತ್ರಿಕ ಸಹಾಯಕರನ್ನು ವಿಶ್ವವಿದ್ಯಾಲಯದ ಆಂತರಿಕ ನಿಧಿಯಿಂದ ನೇಮಿಸುವುದಾಗಿ ಕುಲಸಚಿವರಿಂದ ಲಿಖಿತ ಒಪ್ಪಿಗೆ ಪಡೆದು ಅದನ್ನು ಲಗತ್ತಿಸಿದೆ. ತಜ್ಞರ ಸಮಿತಿಯ ಎದುರು ವಿಷಯ ಮಂಡಿಸಿದಾಗ, ನಮ್ಮ ಪ್ರಕಟಣೆಗಳಿಗಿಂತ ಈ ಪತ್ರದ ಬಗ್ಗೆಯೇ ಹೆಚ್ಚು ಪ್ರಶ್ನೆಗಳು ಬಂದವು.

ಇನ್ನೊಂದು ಸಿದ್ಧತೆ ಬಳಕೆಯ ಅಂದಾಜು. 'ಹಲವು ವಿಭಾಗಗಳಿಗೆ ಉಪಯುಕ್ತ' ಎಂದು ಬರೆಯುವುದು ಯಾರಿಗೂ ಸುಲಭ. ನಾನು ಪ್ರತಿಯೊಂದು ವಿಭಾಗದಿಂದಲೂ ಹಿಂದಿನ ವರ್ಷಗಳಲ್ಲಿ ಹೊರಗೆ ಕಳುಹಿಸಿದ ಮಾದರಿಗಳ ಸಂಖ್ಯೆ, ತೆತ್ತ ಶುಲ್ಕ ಮತ್ತು ಕಾದ ಅವಧಿಯ ವಿವರವನ್ನು ರಸೀದಿಗಳ ಸಮೇತ ಸಂಗ್ರಹಿಸಿದೆ. ಬೇಸರದ ಕೆಲಸವೇ ಸರಿ, ಆದರೆ ಯಂತ್ರ ವಾರದಲ್ಲಿ ಎಷ್ಟು ಗಂಟೆ ನಡೆಯಬಹುದು, ಶುಲ್ಕ ಎಷ್ಟಿಟ್ಟರೆ ನಿರ್ವಹಣೆ ಸಾಗೀತು ಎಂಬುದಕ್ಕೆ ಬೇರೆ ಆಧಾರವಿರಲಿಲ್ಲ.

ಮಂಜೂರಾತಿಯ ನಂತರ ಖರೀದಿಯ ಹಂತ ಬಂತು. ಹಣ ಕೇಂದ್ರದ್ದಾದ್ದರಿಂದ 2017ರ ಸಾಮಾನ್ಯ ಹಣಕಾಸು ನಿಯಮಗಳು, ಸಂಸ್ಥೆ ರಾಜ್ಯದ್ದಾದ್ದರಿಂದ ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರುವ ಕರ್ನಾಟಕದ 1999ರ ಕೆಟಿಪಿಪಿ ಕಾಯ್ದೆ, ಹೀಗೆ ಎರಡನ್ನೂ ಗಮನದಲ್ಲಿಟ್ಟುಕೊಂಡು ಕಡತ ಸಾಗಬೇಕಾಯಿತು. ತಾಂತ್ರಿಕ ವಿವರಣೆಯನ್ನು ಒಂದೇ ಕಂಪನಿಯ ಕ್ಯಾಟಲಾಗ್‌ನಿಂದ ನಕಲು ಮಾಡಿದರೆ ಲೆಕ್ಕಪರಿಶೋಧಕರ ಆಕ್ಷೇಪಣೆ ಖಚಿತ. ಹಾಗಾಗಿ ಕೋನದ ನಿಖರತೆ, ಡಿಟೆಕ್ಟರಿನ ಬಗೆ, ಪರೀಕ್ಷಿಸಬೇಕಾದ ಪ್ರಮಾಣಿತ ಮಾದರಿ ಇವುಗಳನ್ನು ನಮ್ಮ ಅಗತ್ಯದ ಭಾಷೆಯಲ್ಲೇ ಬರೆದೆವು. ಈ ನಡುವೆ, ಸಾರ್ವಜನಿಕ ಸಂಶೋಧನಾ ಸಂಸ್ಥೆಗಳ ಉಪಕರಣಗಳಿಗಿದ್ದ ಶೇ. 5ರ ರಿಯಾಯಿತಿ ಜಿಎಸ್‌ಟಿ 2022ರ ಜುಲೈ 18ರಿಂದ ರದ್ದಾಗಿ ಶೇ. 18ರ ದರ ಅನ್ವಯವಾಯಿತು. ಒಂದು ಕೋಟಿ ರೂಪಾಯಿಯ ಯಂತ್ರಕ್ಕೆ ಇದು 13 ಲಕ್ಷ ರೂಪಾಯಿಯ ಹೆಚ್ಚುವರಿ ಹೊರೆ, ಮಂಜೂರಾದ ಮೊತ್ತವೋ ಹಳೆಯ ಲೆಕ್ಕದ್ದು. ಹೆಚ್ಚಿನ ತಾಪಮಾನದಲ್ಲಿ ಅಳೆಯುವ ಜೋಡಣೆಯನ್ನು ಕೈಬಿಟ್ಟೆವೇ ಹೊರತು ವಾರಂಟಿಯ ನಂತರದ ನಿರ್ವಹಣಾ ಒಪ್ಪಂದವನ್ನು ಬಿಡಲಿಲ್ಲ. ಆ ಒಪ್ಪಂದದ ದರವನ್ನು ಟೆಂಡರಿನಲ್ಲೇ ನಮೂದಿಸುವಂತೆ ಕೇಳಿದ್ದರಿಂದ ಅನುಕೂಲವಾಯಿತು. ಯಂತ್ರ ಬಂದಿಳಿದ ಮೇಲೆ ಚೌಕಾಸಿಗೆ ಕೊಳ್ಳುವವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಕೋಣೆಯ ಕೆಲಸಗಳಾದ ಅರ್ಥಿಂಗ್, ಯುಪಿಎಸ್, ಹವಾನಿಯಂತ್ರಣ ಮತ್ತು ಎಕ್ಸ್‌ರೇ ಟ್ಯೂಬನ್ನು ತಂಪಾಗಿಡುವ ಚಿಲ್ಲರ್ ವ್ಯವಸ್ಥೆಯನ್ನು ಯಂತ್ರ ಬರುವ ಮೊದಲೇ ಮುಗಿಸಿದೆವು. ವಿಕಿರಣದ ಉಪಕರಣವಾದ್ದರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಜಾಲತಾಣದಲ್ಲಿ ಅರ್ಜಿಯನ್ನೂ ಸಲ್ಲಿಸಬೇಕಾಗಿತ್ತು.

ಹೆಚ್ಚು ಚರ್ಚೆ ನಡೆದದ್ದು ಬಳಕೆದಾರರ ಶುಲ್ಕದ ಬಗ್ಗೆ. ಅದು ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಗೆ ಹೋದರೆ, ಕೆಟ್ಟ ಬಿಡಿಭಾಗಕ್ಕಾಗಿ ಪ್ರತಿ ಸಲವೂ ಹೊಸ ಕಡತ ತೆರೆಯಬೇಕಾಗುತ್ತದೆ. ಪ್ರತ್ಯೇಕ ಖಾತೆಯೆಂದರೆ ಲೆಕ್ಕದ ಗೊಂದಲ ಎಂಬುದು ಹಣಕಾಸು ಅಧಿಕಾರಿಗಳ ಆತಂಕವಾಗಿತ್ತು, ಅದು ನ್ಯಾಯವೇ. ಅನುದಾನದ ಖಾತೆ ಮತ್ತು ಶುಲ್ಕದ ಖಾತೆಯನ್ನು ಎಲ್ಲಿಯೂ ಬೆರೆಸದೆ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಗೆ ಒಪ್ಪಿಸುವ ಷರತ್ತಿನ ಮೇಲೆ ಸಿಂಡಿಕೇಟ್ ಅನುಮತಿ ನೀಡಿತು. ನಮ್ಮ ವಿದ್ಯಾರ್ಥಿಗಳು, ಇತರ ಕಾಲೇಜುಗಳು ಮತ್ತು ಕೈಗಾರಿಕೆಗಳಿಗೆ ಬೇರೆ ಬೇರೆ ದರಗಳನ್ನು ನಿಗದಿಪಡಿಸಿದೆವು. ಸಂಯೋಜಕನಾದ ನನ್ನ ವಿದ್ಯಾರ್ಥಿಗಳೂ ಶುಲ್ಕ ಕಟ್ಟಿ ಸರದಿಯಲ್ಲೇ ಬರಬೇಕೆಂದು ನಿಯಮದಲ್ಲಿ ಬರೆಸಿದ ಮೇಲೆ ಇತರ ವಿಭಾಗಗಳ ಅನುಮಾನ ಬಹುಮಟ್ಟಿಗೆ ಕರಗಿತು.

2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಲೋಕಾರ್ಪಣೆಗೊಂಡ, ದೇಶದ ಸಂಶೋಧನಾ ಉಪಕರಣಗಳನ್ನು ಹುಡುಕಿ ಕಾಯ್ದಿರಿಸಲು ನೆರವಾಗುವ ಐ-ಸ್ಟೆಮ್ ಜಾಲತಾಣದಲ್ಲಿ ಯಂತ್ರವನ್ನು ನೋಂದಾಯಿಸಿದ ಬಳಿಕ ಹೊರಗಿನ ಕಾಲೇಜುಗಳ ಕೋರಿಕೆಗಳು ಬರತೊಡಗಿದವು. ಆದರೆ ಮಾದರಿಯನ್ನು ನುಣ್ಣಗೆ ಅರೆಯದೆ ಕಳುಹಿಸುವವರು ಬಹಳ. ಹೀಗಾಗಿ ಮಾದರಿ ಸಿದ್ಧಪಡಿಸುವ ಕ್ರಮವನ್ನು ಕನ್ನಡದಲ್ಲೂ ಒಂದು ಪುಟದಲ್ಲಿ ಬರೆದು, ಸ್ಲಾಟ್ ಖಚಿತಪಡಿಸುವ ಪತ್ರದ ಜೊತೆಗೇ ಕಳುಹಿಸುತ್ತಿದ್ದೇವೆ.